ಬೌಲ್ಡರ್‌ನಲ್ಲಿ ಹಣ ನಿಂತರೆ ಕಾರವಾರದ ಪಾಠಕ್ಕೇನು?

2025ರ ಮೇ ತಿಂಗಳಲ್ಲಿ ಹವಾಮಾನದ ಅಂಕಿ, ತಂತ್ರಾಂಶಗಳನ್ನು ತರಗತಿಗಳಿಗೆ ತಲುಪಿಸುವ ಅಮೆರಿಕದ ಬೌಲ್ಡರ್ ಊರಿನ ಯೂನಿಡೇಟಾ ಸಂಸ್ಥೆ ತನ್ನ ಬಹುತೇಕ ಕೆಲಸ ನಿಲ್ಲಿಸಿತು. ಸರ್ಕಾರದ ವಿಜ್ಞಾನ ಪ್ರತಿಷ್ಠಾನದಿಂದ ಬರಬೇಕಿದ್ದ ಹಣ ಬರಲಿಲ್ಲ. ಹೆಚ್ಚಿನ ಸಿಬ್ಬಂದಿಗೆ ಸಂಬಳವಿಲ್ಲದ ರಜೆ ಸಿಕ್ಕಿತು. ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಅದೇ ಊರಿನಲ್ಲಿ 1960ರಿಂದ ಇರುವ ಎನ್‌ಸಿಎಆರ್ ಎಂಬ ಹವಾಮಾನ ಸಂಶೋಧನಾ ಕೇಂದ್ರವನ್ನೇ ಒಡೆದು ಹಂಚುತ್ತೇವೆ ಎಂದು ಶ್ವೇತಭವನದ ಬಜೆಟ್ ಮುಖ್ಯಸ್ಥ ರಸೆಲ್ ವೋಟ್ ಹೇಳಿದರು.

ಕಾರವಾರದಲ್ಲೋ ಶಿರಸಿಯಲ್ಲೋ ಕೂತು ಈ ಸುದ್ದಿ ಓದಿದವರಿಗೆ ಎರಡು ಅನುಮಾನ ಬರುವುದು ಸಹಜ. ಅಡಿಕೆಗೆ ಕೊಳೆರೋಗದ ಔಷಧ ಹೊಡೆಯಲು ಎರಡು ದಿನ ಹೊಳವು ಸಿಗುತ್ತದಾ ಎಂದು ಮೊಬೈಲಿನಲ್ಲಿ ನೋಡುವ ಮಳೆ ನಕ್ಷೆ ಇನ್ನು ಮುಂದೆ ಸಿಗುವುದಿಲ್ಲವಾ? ಇಲ್ಲ, ಅದಕ್ಕೆ ಸದ್ಯ ತೊಂದರೆ ಇಲ್ಲ. ಜನ ಜಾಸ್ತಿ ನೋಡುವ ವಿಂಡಿ ಆಪ್ ತೆರೆದ ಕೂಡಲೇ ಕಾಣುವುದು ಯುರೋಪಿನ ಹವಾಮಾನ ಕೇಂದ್ರದ ಮುನ್ಸೂಚನೆ. ಎರಡನೆಯ ಅನುಮಾನಕ್ಕೆ ಉತ್ತರ ಅಷ್ಟು ಸುಲಭವಲ್ಲ. ಭೂವಿಜ್ಞಾನ, ಭೂಗೋಳ, ಕಡಲ ವಿಜ್ಞಾನ ಓದುವ ನಮ್ಮ ಹುಡುಗ ಹುಡುಗಿಯರ ಪಾಠಕ್ಕೂ ಬೌಲ್ಡರ್‌ಗೂ ಏನು ಸಂಬಂಧ?

ಸಂಬಂಧ ಇದೆ. ಆದರೆ ಮೇಲ್ನೋಟಕ್ಕೆ ಕಾಣುವ ಜಾಗದಲ್ಲಿ ಇಲ್ಲ.

ಚೀಟಿ ಅಂಟಿಸಿದ ಚೀಲ

ಯೂನಿಡೇಟಾ ಶುರುವಾದದ್ದು 1984ರಲ್ಲಿ. ಆಗ ಹವಾಮಾನದ ತಾಜಾ ಅಂಕಿಗಳು ಹೆಚ್ಚಾಗಿ ದೊಡ್ಡ ಸರ್ಕಾರಿ ಕಚೇರಿಗಳಲ್ಲೇ ಇದ್ದವು. ವಿಶ್ವವಿದ್ಯಾಲಯದ ಎಷ್ಟೋ ವಿದ್ಯಾರ್ಥಿಗಳು ಹಳೆಯ ನಕ್ಷೆಯನ್ನೇ ನೋಡಿ ಕಲಿಯಬೇಕಿತ್ತು. ಇವತ್ತು ಬೆಳಿಗ್ಗೆ ಅಳೆದ ಗಾಳಿ, ಒತ್ತಡ, ಮಳೆ ಇವತ್ತೇ ತರಗತಿಗೆ ತಲುಪಬೇಕು ಎನ್ನುವುದು ಈ ಸಂಸ್ಥೆಯ ಹಂಬಲವಾಗಿತ್ತು. ಅದಕ್ಕೆ ಬೇಕಾದ ತಂತ್ರಾಂಶ ಬರೆದು ಉಚಿತವಾಗಿ ಹಂಚಿತು. ಶಿಕ್ಷಕರಿಗೆ ತರಬೇತಿ ಕೊಟ್ಟಿತು.

ಅದರ ಕೆಲಸಗಳಲ್ಲಿ ಹೆಚ್ಚು ಬಾಳಿಕೆ ಬಂದದ್ದು ನೆಟ್‌ಸಿಡಿಎಫ್. 1980ರ ದಶಕದ ಕೊನೆಗೆ ಹುಟ್ಟಿದ ಒಂದು ಕಡತ ರೂಪ ಅದು. ಶಿರಸಿಯ ಅಡಿಕೆ ವ್ಯಾಪಾರ ಗೊತ್ತಿದ್ದವರಿಗೆ ಇದನ್ನು ತಿಳಿಸುವುದು ಸುಲಭ. ಚೀಲದೊಳಗೆ ಅಡಿಕೆ ಇದ್ದರೆ ಸಾಲದು. ಯಾರದ್ದು, ರಾಶಿಯೋ ಚಾಲಿಯೋ, ತೂಕ ಎಷ್ಟು ಎಂಬ ಚೀಟಿ ಜೊತೆಗಿರಬೇಕು. ಚೀಟಿ ಬಿದ್ದುಹೋದ ಚೀಲಕ್ಕೆ ಯಾರು ದರ ಹೇಳುತ್ತಾರೆ? ಹವಾಮಾನದ ಅಂಕಿಯೂ ಹಾಗೇ. 112 ಎಂದು ಬರೆದಿದ್ದರೆ ಅದು ಮಿಲಿಮೀಟರೋ ಇಂಚೋ, ಎಲ್ಲಿನದ್ದು, ಎಷ್ಟು ಹೊತ್ತಿಗೆ ಅಳೆದದ್ದು ಎನ್ನುವುದೂ ಅಂಕಿಯ ಜೊತೆಗೇ ಬರಬೇಕು. ನೆಟ್‌ಸಿಡಿಎಫ್ ಆ ಚೀಟಿಯನ್ನು ಕಡತದೊಳಗೇ ಹೊಲಿದುಬಿಡುತ್ತದೆ. ನಮ್ಮ ಹವಾಮಾನ ಇಲಾಖೆಯ ಮಳೆ ಅಂಕಿಗಳೂ ಈ ರೂಪದಲ್ಲಿ ಸಿಗುತ್ತವೆ.

ಇದಾದ ಮೇಲೆ ನಕ್ಷೆ ಬಿಡಿಸಲು ಐಡಿವಿ ಬಂತು. ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಲೆಕ್ಕ ಮಾಡಲು ಮೆಟ್‌ಪೈ ಬಂತು. ಈಗ ಹವಾಮಾನ ಕಲಿಸುವ ಎಷ್ಟೋ ಆನ್‌ಲೈನ್ ಪಾಠಗಳಲ್ಲಿ ಇವುಗಳಲ್ಲಿ ಒಂದಾದರೂ ಎದುರಾಗುತ್ತದೆ.

ಹಣ ನಿಂತಾಗ ನಿಲ್ಲುವುದು ಏನು?

ಸುದ್ದಿ ಓದಿದವರು ಗೊಂದಲಕ್ಕೆ ಬೀಳುವುದು ಇಲ್ಲೇ. ಸಂಸ್ಥೆ ನಿಂತಿತು ಅಂದರೆ ತಂತ್ರಾಂಶವೂ ನಿಂತಿತು ಎಂದುಕೊಳ್ಳುತ್ತೇವೆ. ಹಾಗಾಗುವುದಿಲ್ಲ. ಇವೆಲ್ಲ ತೆರೆದ ತಂತ್ರಾಂಶಗಳು. ಕೋಡ್ ಎಲ್ಲರ ಕೈಯಲ್ಲೂ ಇದೆ. ಕುಮಟೆಯ ಕಾಲೇಜಿನ ಕಂಪ್ಯೂಟರಿನಲ್ಲಿ ಹಾಕಿಟ್ಟ ಮೆಟ್‌ಪೈ ಅಮೆರಿಕದ ಬಜೆಟ್ ಕೇಳಿ ಕೆಲಸ ಮಾಡುವುದಿಲ್ಲ.

ನಿಲ್ಲುವುದು ಸೇವೆ. ಅಂಕಿಗಳನ್ನು ಹೊತ್ತುಹೊತ್ತಿಗೆ ಕಳಿಸುವ ಸರ್ವರ್‌ಗಳನ್ನು ನೋಡಿಕೊಳ್ಳುವವರು ಇಲ್ಲವಾಗುತ್ತಾರೆ. ಅನುಮಾನ ಕೇಳಿದರೆ ಉತ್ತರ ಕೊಡುವವರು ಇರುವುದಿಲ್ಲ. ಪೈಥಾನ್ ಹೊಸ ಆವೃತ್ತಿಗೆ ಹೋದಾಗ ಹಳೆಯ ಪಾಠ ಓಡದೆ ದೋಷ ತೋರಿಸುತ್ತದೆ. ಅದನ್ನು ಸರಿಪಡಿಸುವವರು ಬೇಕಲ್ಲ, ಅವರು ಇರುವುದಿಲ್ಲ. ಇದರ ಪೆಟ್ಟು ತಕ್ಷಣ ಕಾಣುವುದಿಲ್ಲ. ಒಂದೆರಡು ವರ್ಷ ಬಿಟ್ಟು, ಪರದೆಯ ಮೇಲೆ ಕೆಂಪು ಅಕ್ಷರದ ಸಾಲುಗಳಾಗಿ ಕಾಣುತ್ತದೆ. ಪಕ್ಕದಲ್ಲಿ ಪರಿಣತರಿರುವ ದೊಡ್ಡ ಸಂಸ್ಥೆಗಳು ಅದನ್ನು ದಾಟುತ್ತವೆ. ಒಬ್ಬರೇ ಅಧ್ಯಾಪಕರು ಭೂಗೋಳದ ಇಡೀ ವಿಭಾಗವನ್ನು ಎಳೆಯುವ ಕಾಲೇಜುಗಳಿಗೆ ಅದು ಗೋಡೆಯಾಗುತ್ತದೆ. ಆ ಪಾಠವನ್ನೇ ಕೈಬಿಡುತ್ತಾರೆ, ಅಷ್ಟೇ.

ಗೋವಾದ ಬಲೂನು, ವಯೋಮಿಂಗ್‌ನ ಪುಟ

ಅವಲಂಬನೆ ಎಷ್ಟು ಆಳ ಇದೆ ಎಂದು ತೋರಿಸಲು ಒಂದು ಉದಾಹರಣೆ ಸಾಕು.

ಮಳೆ ಮೋಡ ಎಷ್ಟು ಎತ್ತರಕ್ಕೆ ಬೆಳೆಯಬಹುದು ಎಂದು ತಿಳಿಯಲು ಹವಾಮಾನ ಇಲಾಖೆ ಬಲೂನು ಹಾರಿಸುತ್ತದೆ. ಬೆಳಿಗ್ಗೆ 5.30, ಸಂಜೆ 5.30 ಅದರ ಹೊತ್ತು. ಬಲೂನಿಗೆ ಕಟ್ಟಿದ ಸಾಧನ ಮೇಲೇರುತ್ತಾ ಶಾಖ, ತೇವ, ಗಾಳಿಯನ್ನು ಅಳೆದು ಕಳಿಸುತ್ತದೆ. ನಮಗೆ ಹತ್ತಿರದ ಬಲೂನು ನಿಲ್ದಾಣ ಉತ್ತರಕ್ಕೆ ಪಣಜಿ, ದಕ್ಷಿಣಕ್ಕೆ ಮಂಗಳೂರು. ಕಾರವಾರ, ಹೊನ್ನಾವರಗಳಲ್ಲಿ ನೆಲದ ಮೇಲೆ ಅಳೆಯುವ ವೀಕ್ಷಣಾಲಯ ಇದೆ. ಬಲೂನು ಇಲ್ಲ. ಹಾಗಾಗಿ ಅಂಕೋಲೆಯ ಮೇಲಿನ ಆಕಾಶವನ್ನು ಪಣಜಿಯ ಅಂಕಿಯಿಂದಲೇ ಊಹಿಸಬೇಕು.

ಆ ಪಣಜಿಯ ಅಂಕಿ ಅಂತರರಾಷ್ಟ್ರೀಯ ಜಾಲದ ಮೂಲಕ ಎಲ್ಲ ದೇಶಗಳಿಗೂ ಹೋಗುತ್ತದೆ. ಆದರೆ ಜಗತ್ತಿನ ವಿದ್ಯಾರ್ಥಿಗಳು ಹಳೆಯ ಬಲೂನು ಅಂಕಿ ಬೇಕೆಂದಾಗ ಬಹಳ ವರ್ಷಗಳಿಂದ ಹೋಗುವುದು ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾಲಯದ ಒಂದು ಪುಟಕ್ಕೆ. ನಿಲ್ದಾಣ, ದಿನಾಂಕ ಆರಿಸಿದರೆ ಅಂಕಿಗಳ ಪಟ್ಟಿ ಬರುತ್ತದೆ. ಅದನ್ನು ಮೆಟ್‌ಪೈಗೆ ಕೊಟ್ಟರೆ ಚಿತ್ರ. ಅಂದರೆ ಕಾರವಾರದಿಂದ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರದ ಊರಲ್ಲಿ ಹಾರಿದ ಬಲೂನಿನ ಲೆಕ್ಕ ಅರ್ಧ ಭೂಮಿ ಸುತ್ತಿ ಕಾರವಾರಕ್ಕೆ ವಾಪಸು ಬರುತ್ತದೆ.

ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ವಿಜ್ಞಾನ ನಡೆಯುವುದೇ ಹೀಗೆ ಹಂಚಿಕೊಂಡು. ಆದರೆ ಆ ಒಂದು ಪುಟ ನಾಳೆ ಇಲ್ಲವಾದರೆ ಬೇರೆ ದಾರಿ ಯಾವುದು ಎಂದು ತರಗತಿಗೆ ಗೊತ್ತಿರಬೇಕು.

ಇಡೀ ಜಿಲ್ಲೆ ಹದಿನಾಲ್ಕು ಚೌಕ

ಬೌಲ್ಡರ್ ವಿಷಯ ಸ್ವಲ್ಪ ಬದಿಗಿಡೋಣ. ತಂತ್ರಾಂಶ ಇದ್ದೂ ಪಾಠ ಹಾಳಾಗುವುದು ಹೇಗೆ ಎಂಬುದು ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಪಾಠಕ್ಕೆ ಹೆಚ್ಚಾಗಿ ಬಳಸುವ ಮಳೆ ಅಂಕಿ ಎರಡು ಬಗೆಯವು. ಒಂದು ಪುಣೆಯ ಹವಾಮಾನ ಇಲಾಖೆ ಕೊಡುವ ದಿನವಾರು ಮಳೆ. 1901ರಿಂದ ಈಚಿನದ್ದು. ದೇಶದ 6,955 ಮಳೆಮಾಪಕಗಳ ದಾಖಲೆಯಿಂದ ಕಟ್ಟಿದ್ದು. ಇನ್ನೊಂದು ಯುರೋಪಿನ ಕೇಂದ್ರದ ಇಆರ್‌ಎ5. ಸಿಕ್ಕ ಅಳತೆಗಳನ್ನು ಕಂಪ್ಯೂಟರ್ ಮಾದರಿಗೆ ಕೂಡಿಸಿ ಕಟ್ಟಿದ್ದು. ಅದು 1940ರಿಂದ ಗಂಟೆಗಂಟೆಯ ಲೆಕ್ಕ ಕೊಡುತ್ತದೆ. ಎರಡೂ ಉಚಿತ. ಎರಡೂ ನೆಲವನ್ನು ಕಾಲು ಡಿಗ್ರಿ ಚೌಕಗಳಾಗಿ ಕತ್ತರಿಸಿ, ಒಂದು ಚೌಕಕ್ಕೆ ಒಂದೇ ಅಂಕಿ ಕೊಡುತ್ತವೆ.

ಕಾಲು ಡಿಗ್ರಿ ಅಂದರೆ ನಮ್ಮಲ್ಲಿ ಸುಮಾರು 27 ಕಿ.ಮೀ. ಒಂದು ಚೌಕ 740 ಚದರ ಕಿ.ಮೀ. ಆಸುಪಾಸು. ಉತ್ತರ ಕನ್ನಡದ ವಿಸ್ತೀರ್ಣ ಹತ್ತು ಸಾವಿರ ಚದರ ಕಿ.ಮೀ. ದಾಟುತ್ತದೆ. ಭಾಗಿಸಿ ನೋಡಿ. ಇಡೀ ಜಿಲ್ಲೆ ಸುಮಾರು ಹದಿನಾಲ್ಕು ಚೌಕದಲ್ಲಿ ಮುಗಿಯಿತು. ಕುಮಟೆಯಿಂದ ಶಿರಸಿಗೆ ನೇರ ಗೆರೆ ಎಳೆದರೆ 50 ಕಿ.ಮೀ. ಹತ್ತಿರ. ಅಷ್ಟರಲ್ಲಿ ಕಡಲು, ಗಜನಿ, ಬಯಲು, ದೇವಿಮನೆ ಘಟ್ಟ, ಘಟ್ಟದ ಮೇಲಿನ ತೋಟ ಎಲ್ಲ ಬಂದುಹೋಗುತ್ತವೆ. ಕಂಪ್ಯೂಟರಿಗೆ ಅದೆಲ್ಲ ಎರಡು ಚೌಕ.

ಇದರಿಂದ ಏನಾಗುತ್ತದೆ? ಒಂದು ಲೆಕ್ಕ ಊಹಿಸಿಕೊಳ್ಳಿ. ಒಂದು ಚೌಕದ ಕಾಲು ಭಾಗ ಘಟ್ಟದ ಮುಖ. ಅಲ್ಲಿ ದಿನಕ್ಕೆ 240 ಮಿ.ಮೀ. ಮಳೆ ಬಿತ್ತು. ಉಳಿದ ಮುಕ್ಕಾಲು ಭಾಗದಲ್ಲಿ 80 ಮಿ.ಮೀ. ಸರಾಸರಿ ತೆಗೆದರೆ 120. ಹವಾಮಾನ ಇಲಾಖೆಯ ಲೆಕ್ಕದಲ್ಲಿ 64.5ರಿಂದ 115.5 ಮಿ.ಮೀ. ಭಾರಿ ಮಳೆ. 115.6ರಿಂದ 204.4 ಅತಿ ಭಾರಿ. ಅದಕ್ಕೂ ಮೇಲಿದ್ದರೆ ಅತ್ಯಂತ ಭಾರಿ. ವಿದ್ಯಾರ್ಥಿ 120 ನೋಡಿ ‘ಅತಿ ಭಾರಿ’ ಎಂದು ಬರೆಯುತ್ತಾನೆ. ಘಟ್ಟದಲ್ಲಿ ಬಿದ್ದದ್ದು ಅತ್ಯಂತ ಭಾರಿ. ಬಯಲಲ್ಲಿ ಬಿದ್ದದ್ದು ಭಾರಿ. ಅವನು ಬರೆದ ಮಳೆ ಆ ಚೌಕದಲ್ಲಿ ಎಲ್ಲೂ ಬಿದ್ದಿಲ್ಲ!

ಇದು ತಂತ್ರಾಂಶದ ತಪ್ಪಲ್ಲ. ಅದು ಕೇಳಿದ್ದನ್ನು ಕೊಟ್ಟಿತು. ಆ ಚೌಕದೊಳಗೆ ಘಟ್ಟ ಇದೆ ಎಂದು ಹೇಳಬೇಕಾದವರು ಪಾಠ ಮಾಡುವವರು.

ರೆಡ್ ಅಲರ್ಟ್ ಕೊಟ್ಟ ದಿನ ಮುಂಡಗೋಡದಲ್ಲಿ ಬಿಸಿಲು ಹೊಡೆದರೆ ಜನ ಇಲಾಖೆಯನ್ನು ಬೈಯುವುದಕ್ಕೂ ಇದೇ ಕಾರಣ. ಇಲಾಖೆ ಬಣ್ಣ ಕೊಡುವುದು ಜಿಲ್ಲೆಗೆ. ಹವಾಮಾನದ ವಿಭಾಗ ಲೆಕ್ಕದಲ್ಲಂತೂ ಇಡೀ ಉತ್ತರ ಕನ್ನಡ ಕರಾವಳಿ ಕರ್ನಾಟಕಕ್ಕೆ ಸೇರುತ್ತದೆ. ಹುಬ್ಬಳ್ಳಿ ಬದಿಯ ಮುಂಡಗೋಡ, ಧಾರವಾಡ ಬದಿಯ ಹಳಿಯಾಳ ಎರಡೂ ಕಾಗದದ ಮೇಲೆ ಕರಾವಳಿ. ಅಲ್ಲಿ ಬೀಳುವ ಮಳೆ ಭಟ್ಕಳದ ಅರ್ಧವೂ ಅಲ್ಲ.

ಜುಲೈ 16 ಅಂದರೆ ಯಾವಾಗ?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ಮಣ್ಣು ರಸ್ತೆ ದಾಟಿ ಗಂಗಾವಳಿ ನದಿಗೆ ಬಿತ್ತು. ಜಿಲ್ಲೆಯಲ್ಲಿ ಮಳೆ ಅಂಕಿ ಕಲಿಸಲು ಕೂತವರು ಈ ದಿನವನ್ನು ಬಿಟ್ಟು ಬೇರೆ ಉದಾಹರಣೆ ತೆಗೆದುಕೊಳ್ಳುವುದು ಕಷ್ಟ. ಹಾಗಾಗಿ ಇದನ್ನೇ ಬಿಡಿಸಿ ನೋಡೋಣ.

ವಿದ್ಯಾರ್ಥಿ ಇಆರ್‌ಎ5 ತೆರೆದು ಜುಲೈ 16 ಎಂದು ಆರಿಸುತ್ತಾಳೆ. ದಿನದ ಮಳೆ ಕೂಡಿಸುತ್ತಾಳೆ. ನಕ್ಷೆ ಚೆನ್ನಾಗಿ ಬರುತ್ತದೆ. ಜರ್ನಲ್‌ಗೆ ಅಂಟಿಸುತ್ತಾಳೆ. ತಪ್ಪು ಎಲ್ಲಾಯಿತು?

ಆ ಕಡತದ ಗಡಿಯಾರ ನಮ್ಮದಲ್ಲ. ಅದು ಗ್ರೀನಿಚ್ ಸಮಯದ್ದು. ಅದರ ಜುಲೈ 16 ಶುರುವಾಗುವುದು ನಮ್ಮ 16ರ ಬೆಳಿಗ್ಗೆ 5.30ಕ್ಕೆ. ಮುಗಿಯುವುದು 17ರ ಬೆಳಿಗ್ಗೆ 5.30ಕ್ಕೆ. ಅಂದರೆ ಅವಳು ಕೂಡಿಸಿದ ಮಳೆಯ ಬಹುಪಾಲು ಗುಡ್ಡ ಕುಸಿದ ಮೇಲೆ ಬಿದ್ದದ್ದು. ಕಾರಣ ಎಂದು ತೋರಿಸಿದ ಮಳೆ ಪರಿಣಾಮದ ನಂತರ ಬಂದಿದೆ.

ಈಗ ಹವಾಮಾನ ಇಲಾಖೆಯ ಕಡತ ತೆರೆಯಿರಿ. ನಮ್ಮಲ್ಲಿ ಮಳೆಮಾಪಕ ಓದುವುದು ಬೆಳಿಗ್ಗೆ 8.30ಕ್ಕೆ. ಜುಲೈ 16ರ ಮಳೆ ಎಂದರೆ 15ರ ಬೆಳಿಗ್ಗೆ 8.30ರಿಂದ 16ರ ಬೆಳಿಗ್ಗೆ 8.30ರ ತನಕ ಬಿದ್ದದ್ದು. ಒಂದೇ ದಿನಾಂಕ ಹೊತ್ತ ಈ ಎರಡು ಕಡತಗಳಿಗೆ ಸಾಮಾನ್ಯವಾದ ಹೊತ್ತು ಬರೀ ಮೂರು ಗಂಟೆ. ಎರಡೂ ಅಂಕಿ ಸರಿಯಾಗಿಯೇ ಇವೆ. ಪಕ್ಕಪಕ್ಕ ಇಟ್ಟು ಹೋಲಿಸಿದರೆ ಮಾತ್ರ ತಪ್ಪು.

ಚೀಟಿಯಲ್ಲಿ ಇದೆಲ್ಲ ಬರೆದಿರುತ್ತದೆ. ಆದರೆ ಗುಂಡಿ ಒತ್ತಿದರೆ ನಕ್ಷೆ ಬರುವಾಗ ಚೀಟಿ ಓದುವವರು ಯಾರು?

ಇಷ್ಟಕ್ಕೇ ಮುಗಿಯುವುದಿಲ್ಲ. ಗುಡ್ಡ ಕುಸಿಯಲು ಒಂದು ದಿನದ ಮಳೆ ಸಾಕಾಗುವುದು ಕಡಿಮೆ. ಹಿಂದಿನ ಹತ್ತು ಹದಿನೈದು ದಿನ ಬಿದ್ದ ಮಳೆ ಮಣ್ಣಲ್ಲಿ ಇಳಿದು ಕೂತಿರುತ್ತದೆ. ಮಣ್ಣಿನ ರಂಧ್ರಗಳಲ್ಲಿ ನೀರಿನ ಒತ್ತಡ ಏರುತ್ತದೆ, ಹಿಡಿತ ಸಡಿಲವಾಗುತ್ತದೆ. ಆಮೇಲೆ ಬರುವ ಜೋರು ಮಳೆ ನೆಪ ಅಷ್ಟೇ. ಎಷ್ಟು ಗಂಟೆ ಎಷ್ಟು ಜೋರಾಗಿ ಸುರಿದರೆ ಗುಡ್ಡ ಕುಸಿಯಬಹುದು ಎಂಬ ಮಿತಿ ಗೆರೆಯನ್ನು 1980ರಲ್ಲಿ ನೆಲ್ ಕೇನ್ ಎಂಬ ವಿಜ್ಞಾನಿ ಜಗತ್ತಿನ ಹಲವು ಕುಸಿತಗಳ ಲೆಕ್ಕದಿಂದ ಎಳೆದು ತೋರಿಸಿದರು. ಅಂಥ ಗೆರೆ ಪ್ರತಿ ಪ್ರದೇಶಕ್ಕೂ ಬೇರೆ. ನಮ್ಮ ಜಂಬಿಟ್ಟಿಗೆ ಕಲ್ಲಿನ ಗುಡ್ಡಕ್ಕೆ ನಮ್ಮದೇ ಗೆರೆ ಬೇಕು. 2009ರ ಅಕ್ಟೋಬರ್ ಶುರುವಿನಲ್ಲಿ ಕಾರವಾರದ ಕಡವಾಡದ ಝರಿವಾಡ, 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ, 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿ, ಆಮೇಲೆ ಶಿರೂರು. ಗೆರೆ ಎಳೆಯಲು ಬೇಕಾದ ಚುಕ್ಕಿಗಳು, ದುರದೃಷ್ಟಕ್ಕೆ, ನಮ್ಮಲ್ಲಿ ಇವೆ. ಝರಿವಾಡದ ಚುಕ್ಕಿ ಇನ್ನೊಂದು ಕಾರಣಕ್ಕೂ ಮುಖ್ಯ. ಅದು ಆಷಾಢ ಶ್ರಾವಣದ ಮಳೆಯದ್ದಲ್ಲ. ಮುಂಗಾರು ಮುಗಿಯುತ್ತ ಬಂದ ಕಾಲದ್ದು.

ಒಂದು ಎಚ್ಚರಿಕೆಯೂ ಬೇಕು. ಬರೀ ಮಳೆ ಅಂಕಿ ನೋಡಿದವರು ತಪ್ಪನ್ನೆಲ್ಲ ಮಳೆಯ ಮೇಲೆ ಹೊರಿಸುತ್ತಾರೆ. ಅದು ಬಹಳ ಜನರಿಗೆ ಅನುಕೂಲದ ಉತ್ತರ. ಮಳೆ ಕೋರ್ಟಿಗೆ ಬರುವುದಿಲ್ಲ ನೋಡಿ. ರಸ್ತೆಗಾಗಿ ಬುಡ ಕಡಿದ ಗುಡ್ಡದ ಇಳಿಜಾರು ಎಷ್ಟು, ನೀರು ಹೋಗಲು ದಾರಿ ಇತ್ತಾ ಎಂಬ ಪ್ರಶ್ನೆಗಳಿಗೆ ಮಳೆ ಕಡತದಲ್ಲಿ ಉತ್ತರ ಇಲ್ಲ. ಅದಕ್ಕೆ ಭೂವಿಜ್ಞಾನದವರು ಹವಾಮಾನದವರ ಪಕ್ಕ ಕೂರಬೇಕು. ನಮ್ಮ ಕಾಲೇಜುಗಳಲ್ಲಿ ಇವರಿಬ್ಬರ ವೇಳಾಪಟ್ಟಿ ಸೇರುವುದೇ ಇಲ್ಲ.

ಕೈಯಲ್ಲಿ ಎಳೆದ ಗೆರೆ

ಕಲಿಸುವವರಲ್ಲೇ ಇಲ್ಲಿ ಎರಡು ಪಂಗಡ ಇದೆ. ಹಳಬರು ಮೊದಲು ಕೈಯಲ್ಲಿ ಬಿಡಿಸಲಿ ಎನ್ನುತ್ತಾರೆ. ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಇಟ್ಟು, ಮಳೆ ಅಂಕಿ ಬರೆದು, ಒಂದೇ ಅಷ್ಟು ಮಳೆ ಬಿದ್ದ ಜಾಗಗಳನ್ನು ಸೇರಿಸುವ ಸಮಮಳೆ ರೇಖೆ ಎಳೆಯಲಿ. ಹೊಸಬರು ಕೇಳುತ್ತಾರೆ, ಅದಕ್ಕೆಲ್ಲ ಪುರುಸೊತ್ತು ಎಲ್ಲಿದೆ? ಪುಣೆಯಲ್ಲೋ ಹೈದರಾಬಾದಿನಲ್ಲೋ ಕೆಲಸ ಸಿಗಬೇಕಾದರೆ ಪೈಥಾನ್ ಬರಬೇಕು. ಧಾರವಾಡ, ಬೆಂಗಳೂರಿನ ಮಕ್ಕಳು ಕಲಿತದ್ದನ್ನು ಹೊನ್ನಾವರದ ಮಕ್ಕಳು ಯಾಕೆ ಕಲಿಯಬಾರದು?

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಹಳಬರ ವಾದವನ್ನು ಬರೀ ಹಳೆಯ ಅಭ್ಯಾಸ ಎಂದು ತಳ್ಳಿಹಾಕುವುದು ನಮ್ಮ ಜಿಲ್ಲೆಯಲ್ಲಿ ತಪ್ಪಾಗುತ್ತದೆ. ಎರಡು ಮಳೆಮಾಪಕಗಳ ನಡುವಿನ ಜಾಗಕ್ಕೆ ತಂತ್ರಾಂಶ ಸಾಮಾನ್ಯವಾಗಿ ದೂರ ನೋಡಿ ಅಂಕಿ ತುಂಬುತ್ತದೆ. ಹತ್ತಿರದ ಮಾಪಕಕ್ಕೆ ಜಾಸ್ತಿ ತೂಕ, ದೂರದ್ದಕ್ಕೆ ಕಡಿಮೆ. ನುಣುಪಾದ ವೃತ್ತಗಳು ಬರುತ್ತವೆ. ನಡುವೆ ಘಟ್ಟ ಇದೆ ಎಂದು ಅದಕ್ಕೆ ಗೊತ್ತಿಲ್ಲ. ನೆಲದ ಎತ್ತರ ತೋರಿಸುವ ಸಮೋನ್ನತ ರೇಖೆ ಇರುವ ನಕ್ಷೆಯ ಮೇಲೆ ಕೈಯಲ್ಲಿ ಎಳೆಯುವ ಹುಡುಗಿ ಗೆರೆಯನ್ನು ಘಟ್ಟದ ಉದ್ದಕ್ಕೆ ಬಾಗಿಸುತ್ತಾಳೆ. ಮೋಡ ಎಲ್ಲಿ ಏರಬೇಕು, ಎಲ್ಲಿ ಸುರಿಯಬೇಕು ಎಂದು ಅವಳಿಗೆ ಗೊತ್ತು. ಶಾಲೆಗೆ ಹೋಗುವಾಗ ನೆನೆದ ದಿನಗಳಿಂದಲೇ ಗೊತ್ತು.

ಹಾಗೆಂದು ಕೈಯಲ್ಲೇ ಎಲ್ಲ ಮಾಡಲಾಗುವುದಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸುಮಾರು 6,500 ಸ್ವಯಂಚಾಲಿತ ಮಳೆಮಾಪಕ ಇಟ್ಟಿದೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ. ಉತ್ತರ ಕನ್ನಡದಲ್ಲಿ ಇನ್ನೂರಕ್ಕೂ ಹೆಚ್ಚು ಪಂಚಾಯಿತಿ ಇವೆ. ಇನ್ನೂರು ಮಾಪಕ, ದಿನಕ್ಕೆ 96 ಸಲ ಎಂದರೂ 19,200 ಅಂಕಿ ಆಯಿತು. ಇದಕ್ಕೆ ಟ್ರೇಸಿಂಗ್ ಕಾಗದ ಸಾಲದು.

ಒಂದು ದಿನದ ನಕ್ಷೆಯನ್ನು ಕೈಯಲ್ಲಿ ಎಳೆಸಿ, ಅದೇ ದಿನದ್ದನ್ನು ತಂತ್ರಾಂಶದಲ್ಲಿ ಬಿಡಿಸಿ, ಎರಡೂ ಎಲ್ಲಿ ಬೇರೆಯಾದವು ಎಂದು ಕೇಳುವುದು ಒಳ್ಳೆಯದು. ಅಂಕ ಕೊಡಬೇಕಾದದ್ದು ಆ ಪ್ರಶ್ನೆಯ ಉತ್ತರಕ್ಕೆ. ಚಿತ್ರದ ಅಂದಕ್ಕಲ್ಲ.

ಕಂಪ್ಯೂಟರ್ ಲ್ಯಾಬ್ ಇಲ್ಲ ಎಂಬ ನೆಪವೂ ಈಗ ಪೂರ್ತಿ ನಿಲ್ಲುವುದಿಲ್ಲ. ಜಿಲ್ಲೆಯ ಹದಿನಾಲ್ಕು ಚೌಕಕ್ಕೆ ಜುಲೈ ತಿಂಗಳ 744 ಗಂಟೆಯ ಮಳೆ ಎಂದರೆ ಹತ್ತು ಸಾವಿರ ಚಿಲ್ಲರೆ ಅಂಕಿ. ವಾಟ್ಸಾಪ್‌ನಲ್ಲಿ ಬರುವ ಒಂದು ಫೋಟೋಗಿಂತ ಚಿಕ್ಕ ಕಡತ. ಬ್ರೌಸರಿನಲ್ಲೇ ಕೋಡ್ ಓಡಿಸುವ ಗೂಗಲ್ ಕೊಲ್ಯಾಬ್‌ನಲ್ಲಿ ಪೈಥಾನ್ ಮೊಬೈಲಿನಲ್ಲೂ ಓಡುತ್ತದೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ ಎನ್ನುವುದು ಬೇರೆ ಮಾತು. ಅದಕ್ಕೆ ಕಡತವನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಬೇಕು, ಕಟ್ಟಿಗೆ ಒಟ್ಟಿಟ್ಟ ಹಾಗೆ.

ನಮ್ಮದೇ ಇದೆಯಲ್ಲ?

ಅಮೆರಿಕದ ಸುದ್ದಿ ಬಂದಾಗ ಕೆಲವರು ಹೇಳಿದ್ದು ಇದು. ನಮಗೆ ಅವರ ಹಂಗು ಯಾಕೆ? ಮಾತಿಗೆ ಆಧಾರ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಎರಡು ವರ್ಷಕ್ಕೆ 2,000 ಕೋಟಿ ರೂಪಾಯಿಯ ಮಿಷನ್ ಮೌಸಮ್ ಎಂಬ ಹವಾಮಾನ ಯೋಜನೆ ಒಪ್ಪಿತು. ಅದೇ ತಿಂಗಳು ಪುಣೆಯ ಅರ್ಕ, ನೋಯ್ಡಾದ ಅರುಣಿಕಾ ಸೂಪರ್‌ಕಂಪ್ಯೂಟರ್‌ಗಳು ಉದ್ಘಾಟನೆಯಾದವು. 2025ರ ಮೇನಲ್ಲಿ 6 ಕಿ.ಮೀ. ಚೌಕದ ಮುನ್ಸೂಚನಾ ವ್ಯವಸ್ಥೆ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಬಂತು. ನಮ್ಮ ಜಿಲ್ಲೆಗೆ ಇದು ದೊಡ್ಡ ವಿಷಯ. ಹದಿನಾಲ್ಕು ಚೌಕದ ಜಾಗದಲ್ಲಿ ಇನ್ನೂರೆಂಬತ್ತು ಆಸುಪಾಸು ಚೌಕ ಆಗುತ್ತವೆ. ಇಸ್ರೋದ ಮೋಸ್‌ಡಾಕ್ ತಾಣದಲ್ಲಿ ಇನ್ಸಾಟ್ ಉಪಗ್ರಹದ ಚಿತ್ರಗಳ ಅಂಕಿ ಸಿಗುತ್ತದೆ. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕಡಲಿನ ಅಲೆ, ನೀರಿನ ಹರಿವಿನ ಮುನ್ಸೂಚನೆ ಕೊಡುತ್ತದೆ. ಕಾರವಾರದ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗದಂಥ ಕಡೆ ಇದು ಮನೆ ಬಾಗಿಲ ಪಾಠ.

ಆದರೆ ಹಂಗು ಬೇಡ ಎನ್ನುವವರು ಎರಡು ವಿಷಯ ಮರೆಯುತ್ತಾರೆ. ಮುಂಗಾರು ಬರುವುದು ಸಮಭಾಜಕದ ಆಚೆಯ ಗಾಳಿಯಿಂದ. ಅಲ್ಲಿನ ಅಳತೆ ಬೇರೆಯವರು ಕೊಡದೆ ಯಾವ ಸೂಪರ್‌ಕಂಪ್ಯೂಟರೂ ನಮ್ಮ ಮಳೆ ಹೇಳಲಾರದು.

ಎರಡನೆಯದು, ಇದ್ದದ್ದು ಕೈಗೆ ಸಿಗುವುದು. ಯುರೋಪಿನ ಕೇಂದ್ರ 2025ರ ಅಕ್ಟೋಬರ್ 1ರಿಂದ ತನ್ನ ತಾಜಾ ಮುನ್ಸೂಚನೆಯ ಇಡೀ ಭಂಡಾರವನ್ನು ಎಲ್ಲರಿಗೂ ತೆರೆಯಿತು. ನಮ್ಮಲ್ಲಿ ಇವತ್ತಿನ ಮಳೆ ನಕ್ಷೆ ಸಲೀಸಾಗಿ ಸಿಗುತ್ತದೆ. ಅಂದರೆ ಚಿತ್ರ ಸಿಗುತ್ತದೆ. ಒಂದು ಪಂಚಾಯಿತಿಯ ಹಲವು ವರ್ಷದ ಹದಿನೈದು ನಿಮಿಷದ ಅಂಕಿ ಬೇಕೆಂದರೆ ಕೇಳಿ ಪಡೆಯಬೇಕು. ಚಿತ್ರದಿಂದ ಲೆಕ್ಕ ಕಲಿಸಲಾಗುವುದಿಲ್ಲ.

ಅಂಕಿ ಇಟ್ಟುಕೊಂಡವರ ಬಳಿಯೂ ಕಾರಣ ಇದೆ. ಯಂತ್ರ ಕಳಿಸುವ ಅಂಕಿಯಲ್ಲಿ ತಪ್ಪಿರುತ್ತದೆ. ಕೊಳವೆಗೆ ಎಲೆ ಬಿದ್ದರೆ ಮಳೆ ಸೊನ್ನೆ. ಪರಿಶೀಲಿಸದ ಅಂಕಿ ಹೊರಗೆ ಹೋದರೆ ಗದ್ದಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ಬೆಳೆ ವಿಮೆ ಇದೇ ಮಾಪಕಗಳ ಮೇಲೆ ನಿಂತಿರುವಾಗ ಆ ಭಯ ಸುಮ್ನೆ ಅಲ್ಲ. ಒಂದು ಅಂಕಿ ಹೆಚ್ಚು ಕಡಿಮೆಯಾದರೆ ಒಂದು ಪಂಚಾಯಿತಿಯ ರೈತರ ಪರಿಹಾರ ಬದಲಾಗುತ್ತದೆ. ಆದರೆ ಇದೇ ಕಾರಣಕ್ಕೆ ಆ ಅಂಕಿಯನ್ನು ಹೆಚ್ಚು ಕಣ್ಣುಗಳು ನೋಡಬೇಕು ಎಂದೂ ವಾದಿಸಬಹುದು. ಸುತ್ತ ನಾಲ್ಕು ಊರಲ್ಲಿ 150 ಮಿ.ಮೀ. ಬಿದ್ದಾಗ ನಡುವಿನ ಊರಲ್ಲಿ ಸೊನ್ನೆ ತೋರಿಸಿದರೆ ಅದನ್ನು ಹಿಡಿಯಲು ಬಿ.ಎಸ್ಸಿ. ವಿದ್ಯಾರ್ಥಿ ಸಾಕು. ಘಟ್ಟದ ಮೇಲಿನ ಕೆಲವು ತೋಟದ ಮನೆಗಳಲ್ಲಿ ದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ರೂಢಿ ಇದೆ. ಆ ವಹಿ ತಂದು 25.4ರಿಂದ ಗುಣಿಸಿ ಪಕ್ಕಕ್ಕೆ ಇಟ್ಟರೆ ಆಯಿತು.

ಮುಂದೆ ಏನಾಗಬಹುದು?

ಬೌಲ್ಡರ್‌ನ ಗಲಾಟೆಯಿಂದ ಈ ಮಳೆಗಾಲಕ್ಕೆ ನಮ್ಮ ತರಗತಿಯಲ್ಲಿ ಏನೂ ಬದಲಾಗುವುದಿಲ್ಲ. ಐದು ವರ್ಷದ ಲೆಕ್ಕ ಬೇರೆ. ಎನ್‌ಸಿಎಆರ್ ಮತ್ತು ಜೊತೆಗಾರರು ಕಟ್ಟಿದ ಡಬ್ಲ್ಯೂಆರ್‌ಎಫ್ ಎಂಬ ಹವಾಮಾನದ ಕಂಪ್ಯೂಟರ್ ಮಾದರಿಯನ್ನು ನಮ್ಮ ದೇಶದಲ್ಲೂ ಸಂಶೋಧನೆಗೆ ಬಳಸುತ್ತಾರೆ. ಅದನ್ನು ತಿದ್ದುವ ಕೈಗಳು ಚದುರಿದರೆ ಪೆಟ್ಟು ಮೊದಲು ಪಿಎಚ್.ಡಿ. ಮಾಡುವವರಿಗೆ, ಆಮೇಲೆ ಅವರಿಂದ ಕಲಿಯುವವರಿಗೆ.

ಧಾರವಾಡದಲ್ಲಿ ಏನಾಗುತ್ತದೆ ಎಂಬುದು ಅದಕ್ಕಿಂತ ಬೇಗ ತಟ್ಟುತ್ತದೆ. ಉತ್ತರ ಕನ್ನಡದ ಪದವಿ ಕಾಲೇಜುಗಳ ಪಠ್ಯ ನಿರ್ಧಾರವಾಗುವುದು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ. ಹೊಸ ಶಿಕ್ಷಣ ನೀತಿಗೆಂದು 2021-22ರಲ್ಲಿ ಪಠ್ಯ ಬದಲಾಯಿತು. ರಾಜ್ಯ ಸರ್ಕಾರ ಅದನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದರಿಂದ 2024-25ರಲ್ಲಿ ಮತ್ತೆ ಬದಲಾಯಿತು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕ ಇಲ್ಲದ ವಿಷಯವನ್ನು ಯಾರೂ ಕಲಿಯುವುದಿಲ್ಲ, ಎಷ್ಟೋ ಸಲ ಕಲಿಸುವುದೂ ಇಲ್ಲ. ಮುಂದಿನ ತಿದ್ದುಪಡಿಯಲ್ಲಿ ಸ್ಥಳೀಯ ಮಳೆ ಅಂಕಿ ಓದುವುದು ಒಂದು ಪ್ರಾಯೋಗಿಕವಾಗಿ ಬಂದರೆ ಉಳಿದದ್ದು ತಾನಾಗಿ ಹಿಂದೆ ಬರುತ್ತದೆ. ತಂತ್ರಾಂಶ ಕಲಿಯಲು ಮುಂಬೈ ಐಐಟಿಯ ಸ್ಪೋಕನ್ ಟ್ಯುಟೋರಿಯಲ್ ಪಾಠಗಳಿವೆ. ಕೆಲವು ಕನ್ನಡದಲ್ಲೂ ಇವೆ.

ಇದರ ಫಲ ಕಾಲೇಜಿನ ಹೊರಗೂ ಕಾಣುತ್ತದೆ. ಶಿರೂರು ಕುಸಿದ ಮೂರೇ ದಿನಕ್ಕೆ, 2024ರ ಜುಲೈ 19ರಂದು, ಕೋಲ್ಕತಾದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಭೂಕುಸಿತ ಮುನ್ಸೂಚನಾ ಕೇಂದ್ರ ಶುರುವಾಯಿತು. ಅದರ ಮೊದಲ ಮುನ್ಸೂಚನೆಗಳು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗೆ. ಅಲ್ಲಿ ಹಳೆಯ ಕುಸಿತಗಳ ಮತ್ತು ಮಳೆಯ ಲೆಕ್ಕ ಕೂಡಿಸಿ ಅಭ್ಯಾಸ ನಡೆದಿತ್ತು. ನಮ್ಮ ಘಟ್ಟಕ್ಕೆ ಅಂಥ ಮುನ್ಸೂಚನೆ ಬರಬೇಕಾದರೆ ಯಾವ ಗುಡ್ಡ ಎಷ್ಟು ಗಂಟೆಗೆ ಕುಸಿಯಿತು, ಹಿಂದಿನ ವಾರಗಳಲ್ಲಿ ಆ ಪಂಚಾಯಿತಿಯ ಮಾಪಕ ಏನು ತೋರಿಸಿತು ಎಂಬ ಪಟ್ಟಿ ಬೇಕು. ರಸ್ತೆ ಬದಿ ಜರಿದ ಚಿಕ್ಕ ಧರೆಯೂ ಆ ಪಟ್ಟಿಯಲ್ಲಿ ಇರಬೇಕು. ಅಂಥದ್ದನ್ನು ಕೋಲ್ಕತಾದಲ್ಲಿ ಕೂತು ಮಾಡಲಾಗುವುದಿಲ್ಲ. ಅಂಕೋಲೆ, ಕುಮಟೆ, ಶಿರಸಿಯ ಕಾಲೇಜುಗಳಿಗೆ ಅದು ಒಂದು ಸೆಮಿಸ್ಟರಿನ ಕೆಲಸ.

ಒಂದೇ ತೊಡಕು. ಈ ಪಾಠಕ್ಕೆ ಅತಿ ಒಳ್ಳೆಯ ದಿನ ಯಾವುದೋ ಆ ದಿನವೇ ಜಿಲ್ಲಾಧಿಕಾರಿಗಳು ರಜೆ ಕೊಟ್ಟಿರುತ್ತಾರೆ. ಕೊಡಲೇಬೇಕು, ಹೊಳೆ ದಾಟಿ ಬರುವ ಮಕ್ಕಳಿದ್ದಾರೆ. ರಜೆಯಲ್ಲೂ ಮಾಪಕ ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತಲೇ ಇರುತ್ತದೆ. ಮರುದಿನ ಕಾಲೇಜು ತೆರೆದಾಗ ಹಾಜರಿ ಪುಸ್ತಕದ ಜೊತೆಗೆ ಆ ಕಡತವನ್ನೂ ತೆರೆಯಬಹುದು.